ಚಿಲ್ಲರಿಯ ಪಾಲಿಸಿ

ನಮ್ಮ ಸೋದರಮಾವ ಯಾರನ್ನೇ ಕಂಡರೂ ಮೊದಲು ಎಣಿಸುತ್ತಾರೆ, ಆಮೇಲೆ ಮಾತಾಡಿಸುತ್ತಾರೆ. ಮದುವೆ ಮನೆಯಿರಲಿ, ಸತ್ತವರ ಮನೆಯಿರಲಿ, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ತುಟಿ ಅಲ್ಲಾಡಿಸುತ್ತ ತಲೆಗಳ ಲೆಕ್ಕ ಮುಗಿಸಿಯೇ ಒಳಗೆ ಕಾಲಿಡುವುದು. ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಅವರು ನನ್ನ ಅಪ್ಪನ ಕಿವಿಯಲ್ಲಿ ಏನೋ ಉಸುರಿದರು. ಹೆಣ್ಣು ಒಪ್ಪಿಸುವ ಸಂಕಟದ ಮಾತಿರಬೇಕೆಂದು ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಅವರು ಹೇಳಿದ್ದು ಇಷ್ಟು: ಮಂದಿ ನಾನೂರು ದಾಟಿದ್ದಾರೆ, ಅನ್ನಕ್ಕೆ ಇನ್ನೊಂದು ಹಂಡೆ ನೀರಿಡಲು ಹೇಳಿ!

ಮೂವತ್ನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದವರು ಇನ್ನೇನು ಮಾಡಿಯಾರು? ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು, ಈ ನಾಲ್ಕು ಊರುಗಳ ನಡುವೆಯೇ ಅವರ ಆಯುಷ್ಯ ಓಡಾಡಿದ್ದು. ಹುಣ್ಣಿಮೆಯ ದಿನ ಉಗರಗೋಳದಲ್ಲಿ ದೇವಿಯ ಗುಡ್ಡದ ಜಾತ್ರೆಗೆ ಬಂದ ಮಂದಿ ಬಸ್ಸಿನ ಕಿಟಕಿಯಿಂದ ತೂರಿಕೊಂಡರೂ ಒಬ್ಬರನ್ನೂ ಟಿಕೆಟ್ಟಿಲ್ಲದೆ ಬಿಟ್ಟವರಲ್ಲ. ನಿವೃತ್ತರಾದದ್ದು ಸರಕಾರದ ಕಡತದಲ್ಲಿ ಮಾತ್ರ. ಇವತ್ತಿಗೂ ಯಾರದೇ ಮನೆಗೆ ಹೋದರೂ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಆಟೋ ಹತ್ತಿದರೆ ಡ್ರೈವರನಿಗೆ “ರೈಟ್” ಅನ್ನದೆ ಅದು ಹೊರಡುವಂತಿಲ್ಲ.

ಬೈಲಹೊಂಗಲದಲ್ಲಿ ಅವರ ಮನೆ ಎಂದರೆ ಖಡಕ್ ರೊಟ್ಟಿಯ ಮನೆ. ಅತ್ತೆ, ಅಂದರೆ ಮಾಮಾನ ಹೆಂಡತಿ, ಹಿಂದಿನ ಪಡಸಾಲೆಯಲ್ಲಿ ಆರು ಜನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಅಂಗಡಿಗಳಿಗೆ ಕಳಿಸುತ್ತಾರೆ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ನನ್ನ ಮನೆ ಎರಡು ಓಣಿ ಆಚೆಗೆ. ಹೀಗಾಗಿ ಮಾಮಾನ ಬಾಳಿನ ಎಲ್ಲ ಕೌತುಕಗಳಿಗೂ ನಾನೇ ಸಾಕ್ಷಿ. ಒಂದು ಕೌತುಕಕ್ಕೆ ಮಾತ್ರ ಸಾಕ್ಷಿಯಲ್ಲ, ಅಪರಾಧಿ. ಅದನ್ನೇ ಹೇಳಲು ಕೂತಿದ್ದೇನೆ.

ಮಾಮಾನ ನೌಕರಿಯ ಕೊನೆಯ ದಿನ. ರಾಮದುರ್ಗದಿಂದ ಬೈಲಹೊಂಗಲಕ್ಕೆ ಬರುವ ಬಸ್ಸು. ಕಟಕೋಳ ದಾಟಿದ ಮೇಲೆ ತಲೆ ಎಣಿಸಿದರೆ ಲೆಕ್ಕ ಸರಿಯಿದೆ, ಆದರೆ ಕೊನೆಯ ಸೀಟಿನ ಕೆಳಗಿನಿಂದ ಲೆಕ್ಕಕ್ಕೆ ಸಿಗದ ಒಂದು ಕುಂಯ್ ಸದ್ದು. ಬಗ್ಗಿ ನೋಡಿದರೆ ಬುಟ್ಟಿ, ಬುಟ್ಟಿಯಲ್ಲಿ ಹಳೇ ದೋತರದ ಚೂರಿನಲ್ಲಿ ಸುತ್ತಿದ ಹೆಣ್ಣು ನಾಯಿಮರಿ. ಉದ್ದ ಕಾಲು, ಚೂಪು ಮೂತಿ. ಮುಧೋಳದ ಕಡೆಯ ರಕ್ತ ಎಲ್ಲೋ ಒಂದು ಕಡೆ ಸೇರಿತ್ತು. ಯಾರದೆಂದು ಕೇಳಿದರೆ ಇಡೀ ಬಸ್ಸು ಕಿಟಕಿಯ ಹೊರಗೆ ನೋಡಿತು. ಬಿಟ್ಟುಹೋದ ಸಾಮಾನಿನ ಪಟ್ಟಿಯಲ್ಲಿ ಉಸಿರಾಡುವುದನ್ನು ಬರೆದುಕೊಳ್ಳಲು ಡಿಪೋದವರು ಒಪ್ಪಲಿಲ್ಲ. ಸಂಜೆ ಮಾಮಾ ಕೊರಳಲ್ಲಿ ಬೀಳ್ಕೊಡುಗೆಯ ಹಾರ, ಬಗಲಲ್ಲಿ ಬುಟ್ಟಿ ಹಿಡಿದು ಮನೆಗೆ ಬಂದರು.

ಇದೇನೆಂದು ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

“ಇಷ್ಟ ವರ್ಷದ ಸರ್ವಿಸಿಗೆ ಸರಕಾರ ಕೊಟ್ಟ ಚಿಲ್ಲರಿ” ಎಂದರು ಮಾಮಾ.

ಅದೇ ಹೆಸರಾಯಿತು. ಬೆಳಿಗ್ಗೆ ಮಾಮಾ ಓಣಿಯಲ್ಲಿ ನಿಂತು “ಚಿಲ್ಲರೀ” ಎಂದು ಕೂಗಿದರೆ ದಾರಿಹೋಕರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅತ್ತೆ ಒಂದು ತಿಂಗಳು ಅದರ ಮುಖ ನೋಡಲಿಲ್ಲ. ಎರಡನೆಯ ತಿಂಗಳು ಮುರಿದ ರೊಟ್ಟಿ ಹಾಕಿದರು. ಮೂರನೆಯ ತಿಂಗಳು ಅದಕ್ಕೆಂದೇ ರೊಟ್ಟಿ ಮುರಿಯತೊಡಗಿದರು.

ವಿಮೆಯ ವಿಷಯ ತೆಗೆದವಳು ನಾನೇ. ಒಂದು ದಿನ ಮೊಬೈಲು ನೋಡುತ್ತ, ಈಗ ನಾಯಿಗಳಿಗೂ ವಿಮೆ ಮಾಡಿಸುತ್ತಾರಂತೆ ಎಂದು ನಗಿಸಲು ಹೇಳಿದೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ನಕ್ಕರು, ಅತ್ತೆ ನಕ್ಕರು. ಮಾಮಾ ನಗಲಿಲ್ಲ.

“ಟಿಕೆಟ್ ಇಲ್ಲದ ಯಾರನ್ನೂ ನಾ ಕರಕೊಂಡ ಹೋಗಿಲ್ಲ. ಈಕಿನ್ನ ಹ್ಯಾಂಗ ಹಂಗ ಬಿಡ್ಲಿ? ಮಾಡಸು.”

ಮಾಡಿಸಿದೆ. ನಾಯಿಯ ಗುರುತಿಗೆ ಕಂಪನಿಯವರು ಎದುರಿನಿಂದ, ಎಡದಿಂದ, ಬಲದಿಂದ ಫೋಟೋ ಕೇಳಿದ್ದರು. ಚಿಲ್ಲರಿ ಒಂದು ಮಗ್ಗುಲಿಗೆ ನಿಲ್ಲಲೊಲ್ಲದು. ಕೊನೆಗೆ ಮಾಮಾ ತಮ್ಮ ಹಳೆಯ ದನಿ ತೆಗೆದು, ಮುಂದೆ ಸರೀರಿ, ಮುಂದೆ ಸರೀರಿ ಎಂದು ಕೂಗಿದರು. ಅದು ಶಿಸ್ತಾಗಿ ಮುಂದೆ ಸರಿಯಿತು, ಮೊಬೈಲಿನ ಚೌಕಟ್ಟು ದಾಟಿ, ಬಾಗಿಲು ದಾಟಿ, ಓಣಿಯವರೆಗೂ. ತಳಿಯ ಕಾಲಮ್ಮಿನಲ್ಲಿ ಏನು ಬರೆಯಲೆಂದು ಕೇಳಿದೆ. ತಂದೆ ಮುಧೋಳ, ತಾಯಿ ಪ್ರಯಾಣಿಕಳು ಎಂದು ಬರಿ ಅಂದರು. ನಾನು ‘ಮಿಶ್ರ’ ಎಂದಷ್ಟೇ ಬರೆದೆ. ಮೊಬೈಲ್ ನಂಬರು ನನ್ನದೇ ಕೊಟ್ಟೆ. ಮಾಮಾನ ಫೋನಿನಲ್ಲಿ ಗುಂಡಿಗಳಿದ್ದವು, ಮೆಸೇಜು ಓದುವ ತಾಳ್ಮೆ ಇರಲಿಲ್ಲ.

ಪಾಲಿಸಿಯ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಗೋಡೆಗೆ, ಕ್ಯಾಲೆಂಡರಿನ ಪಕ್ಕ, ತೂಗುಹಾಕಿದರು. ನಾಯಿ ಯಾರನ್ನಾದರೂ ಕಚ್ಚಿದರೆ ಅದಕ್ಕೂ ಕಂಪನಿ ಪರಿಹಾರ ಕೊಡುತ್ತದೆಂದು ಅದರಲ್ಲಿತ್ತು. ಎದುರುಮನೆಯ ಕಿರಾಣಿ ಅಂಗಡಿಯವರು ಅದನ್ನು ಓದಿಸಿ ಕೇಳಿ, ಹಾಗಾದರೆ ನನಗೊಮ್ಮೆ ಕಚ್ಚಿಸಿಬಿಡಿ, ಅಂಗಡಿಗೆ ಬಣ್ಣ ಹಚ್ಚಿಸುವುದಿದೆ ಎಂದರು. ಮಾಮಾ ಗಂಭೀರವಾಗಿ, “ಆಕಿ ಕಂಡಕಂಡವ್ರನ್ನ ಕಚ್ಚೂದಿಲ್ರಿ” ಎಂದು ಒಳಗೆ ಹೋದರು. ಅಂಗಡಿಯವರು ಎರಡು ದಿನ ಮಾತು ಬಿಟ್ಟಿದ್ದರು.

ಪ್ರತಿ ವರ್ಷ ಪಾಲಿಸಿ ನವೀಕರಿಸುವ ದಿನ ಆ ಮನೆಯಲ್ಲಿ ಹಬ್ಬ. ಅತ್ತೆ ಮಾದ್ಲಿ ಮಾಡುತ್ತಿದ್ದರು. ಗೋಧಿ, ಬೆಲ್ಲ, ಏಲಕ್ಕಿ, ಮೇಲೆ ಬಿಸಿ ಹಾಲು, ತುಪ್ಪ. ನಾನು ಮೊಬೈಲಿನಲ್ಲಿ ದುಡ್ಡು ಕಟ್ಟಿ, ಹೊಸ ಕಾಗದ ಅಚ್ಚುಮಾಡಿಸಿ ತಂದರೆ ನನಗೊಂದು ತಾಟು, ಚಿಲ್ಲರಿಗೊಂದು ತಾಟು. ಐದು ವರ್ಷ ಹೀಗೆ ನಡೆಯಿತು.

ಆರನೆಯ ವರ್ಷ ಆ ದಿನ ಬಂದಾಗ ನನಗೆ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಬೆಳಗಾವಿಗೆ ಓಡಾಟ. ಸಂಜೆ ಬಸ್ಸಿಳಿದು ಹಾಗೇ ಮಾಮಾನ ಮನೆಗೆ ಹೋದೆ. ಮಾದ್ಲಿಯ ತಾಟು ಕೈಗಿಡುತ್ತ ಅವರು, ಕಟ್ಟಿದಿಯೇನವ್ವಾ ಎಂದು ಕೇಳಿದರು. ಹಸಿದಿದ್ದೆ, ಬಾಯಲ್ಲಿ ತುತ್ತಿತ್ತು. ಹೂಂ ಅಂದೆ. ಮನೆಗೆ ಹೋಗಿ ಕಟ್ಟಿದರಾಯಿತು ಎಂದುಕೊಂಡಿದ್ದೆ. ಮನೆಗೆ ಹೋಗಿ ಮಲಗಿದೆ. ಮರುದಿನ ಮತ್ತೆ ಐದು ಗಂಟೆಗೆ ಬಸ್ಸು. ಹೊಸ ಕಾಗದ ಎಲ್ಲಿ ಎಂದು ಕೇಳಿದಾಗ, ಅಚ್ಚುಮಾಡುವ ಅಂಗಡಿಯವನ ಮಷಿನು ಕೆಟ್ಟಿದೆ ಅಂದೆ. ಕಂಪನಿಯಿಂದ ಮೆಸೇಜು ಬರುತ್ತಲೇ ಇತ್ತು. ಸಾಲ ಬೇಕೆ, ಸೀರೆ ಬೇಕೆ ಎನ್ನುವ ನೂರು ಮೆಸೇಜುಗಳ ನಡುವೆ ನಾನು ಅದನ್ನೂ ಬೆರಳಿನಿಂದ ಸರಿಸಿದೆ.

ನೆನಪಾಗುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿತ್ತು. ಕೂಡಲೇ ಕಂಪನಿಗೆ ಫೋನ್ ಮಾಡಿದೆ. ಇದನ್ನೊತ್ತಿ, ಅದನ್ನೊತ್ತಿ ಎಂಬುದೆಲ್ಲ ಮುಗಿದ ಮೇಲೆ ಒಬ್ಬ ಹುಡುಗಿ ಬಹಳ ವಿನಯದಿಂದ ತಿಳಿಸಿದಳು: ಕೊಟ್ಟ ಹೆಚ್ಚಿನ ಗಡುವೂ ಮುಗಿದು ಪಾಲಿಸಿ ರದ್ದಾಗಿದೆ, ಹೊಸದಾಗಿ ಮಾಡಿಸೋಣವೆಂದರೆ ಈ ವಯಸ್ಸಿನ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ, ತಪ್ಪದೆ ಕಟ್ಟಿದ್ದರೆ ಹಳೆಯದು ಮುಂದುವರಿಯುತ್ತಿತ್ತು. ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿದಳು. ಏನು ಸಹಾಯ ಕೇಳಲಿ? ಮಾಮಾನಿಗೆ ನೀನೇ ಹೇಳಮ್ಮ ಅನ್ನಲೇ?

ಹೇಳಬೇಕಿತ್ತು. ಅವತ್ತೇ ಎರಡು ಓಣಿ ದಾಟಿ ಹೋಗಿ ಹೇಳಿದ್ದರೆ ಒಂದು ದಿನದ ಬೈಗುಳದಲ್ಲಿ ಮುಗಿಯುತ್ತಿತ್ತು. ಚಿಲ್ಲರಿ ಗಟ್ಟಿಮುಟ್ಟಾಗಿದೆ, ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಡಿಯಲ್ಲಿ ಹಳೆಯ ಕಾಗದಕ್ಕೆ ಹೊಸ ತಾರೀಖು ಕೂರಿಸಿ, ಅಚ್ಚುಮಾಡಿಸಿ ಗೋಡೆಗೆ ತೂಗುಹಾಕಿದೆ. ಮಕ್ಕಳ ಪತ್ರಿಕೆಯಲ್ಲಿ ಕಾಪಿ ಹಿಡಿಯುವ ಕೈ ಇದು. ಹೇಗೆ ಮಾಡಿತೋ.

ಮಳೆಗಾಲದ ಹೊತ್ತಿಗೆ, ಒಂದು ಭಾನುವಾರ ಚಿಲ್ಲರಿಯ ಹೊಟ್ಟೆ ಕೆರೆಯುತ್ತಿದ್ದ ಮಾಮಾನ ಬೆರಳಿಗೆ ಗಂಟೊಂದು ತಗುಲಿತು. ಬಲಗಡೆಯ ಮೊಲೆಯ ಬುಡದಲ್ಲಿ, ಗೋಲಿಯಷ್ಟು. ಊರಿನ ಪಶು ಆಸ್ಪತ್ರೆಯ ಡಾಕ್ಟರು ಒತ್ತಿ ನೋಡಿ, ಇದನ್ನು ತೆಗೆಸಬೇಕು, ಧಾರವಾಡಕ್ಕೆ ಒಯ್ಯಿರಿ, ತಡಮಾಡಬೇಡಿ ಎಂದರು. ಮಾಮಾನಿಗೆ ಗಾಬರಿಯೇ ಇಲ್ಲ. ಹೊರಗೆ ಬಂದು ನನ್ನ ಬೆನ್ನು ತಟ್ಟಿ, “ಚಿಂತಿಲ್ಲ. ನೀ ಪಾಲಿಸಿ ಮಾಡಸೀದಿ” ಎಂದರು.

ಆಗಲೂ ನನ್ನ ಬಾಯಿಂದ ನಿಜ ಹೊರಬರಲಿಲ್ಲ. ಕಂಪನಿಗೆ ತಿಳಿಸುತ್ತೇನೆ ಅಂದೆ. ನನ್ನ ಕೈಯಿಂದಲೇ ಖರ್ಚು ಮಾಡಿ, ಕಂಪನಿಯದೆಂದು ಹೇಳಿಬಿಡುವುದು ಎಂದು ತೀರ್ಮಾನಿಸಿದೆ. ಆದರೆ ಕೈಯಲ್ಲಿ ಅಷ್ಟಿರಲಿಲ್ಲ. ಶಾಲೆಯ ಮೇಡಮ್ಮಗಳು ಸೇರಿ ಕಟ್ಟುವ ಭೀಸಿಯ, ಅಂದರೆ ಚೀಟಿಯ, ಸರದಿ ನನಗೆ ಬರಲು ಇಪ್ಪತ್ತು ದಿನ ಬಾಕಿಯಿತ್ತು. ಆ ಇಪ್ಪತ್ತು ದಿನ ಮಾಮಾ ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಕಂಪನಿಯವರು ಏನಂದರು ಎಂದು ಕೇಳುತ್ತಿದ್ದರು. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಪಾಸ್‌ಬುಕ್ಕನ್ನೇ ಹಿಡಿದುಕೊಂಡು ಬಂದರು.

“ನನ್ನ ಪಿಂಚಣಿದಾಗ ಅದಾವು. ಈಗ ಕೊಟ್ಟು ಮಾಡಸೋಣು. ಕಂಪನಿಯವ್ರು ಆಮ್ಯಾಲ ಕೊಡ್ಲಿ.”

“ಹಂಗ ಮಾಡಿದ್ರ ಅವ್ರು ಏನೂ ಕೊಡೂದಿಲ್ರಿ ಮಾಮಾ. ಮೊದಲ ಅವರ ಒಪ್ಪಿಗಿ ಬರಬೇಕು” ಎಂದೆ.

ನಿಯಮ ಎಂದರೆ ಮಾಮಾ ತಲೆಬಾಗುವ ಮನುಷ್ಯ. ಪಾಸ್‌ಬುಕ್ಕನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹೊರಟುಹೋದರು. ಆ ಬೆನ್ನನ್ನು ನೋಡುತ್ತ ನಿಂತಿದ್ದೆ. ಕರೆದರೆ ಕೇಳುವಷ್ಟೇ ದೂರವಿತ್ತು.

ಇಪ್ಪತ್ತೊಂದನೆಯ ದಿನ ಒಪ್ಪಿಗೆ ಬಂತೆಂದು ಹೇಳಿದೆ. ಕಾರು ಮಾಡೋಣವೆಂದರೆ ಮಾಮಾ ಕೇಳಲಿಲ್ಲ, ಬಸ್ಸೇ ಆಗಬೇಕು. ಬಸ್ಸಿನ ಎಳೆಯ ಕಂಡಕ್ಟರು ಇವರ ವಯಸ್ಸು ನೋಡಿ, ನಾಯಿಗೇನು ಟಿಕೆಟ್ ಬಿಡಿ ಯಜಮಾನರೇ ಎಂದ. ಮಾಮಾ ಅವನನ್ನು ಪಕ್ಕಕ್ಕೆ ಕರೆದು, “ಚೆಕಿಂಗ್ ಬಂದ್ರ ನಿನ್ನ ನೌಕರಿಗೆ ಬರತೈತೋ ತಮ್ಮಾ, ಹರಿ ಟಿಕೆಟ್” ಎಂದು ಟಿಕೆಟ್ ತೆಗೆಸಿದರು. ಚಿಲ್ಲರಿ ಅವರ ಕಾಲ ಮೇಲೆ ಗದ್ದವಿಟ್ಟು ಧಾರವಾಡದವರೆಗೂ ಅಲ್ಲಾಡಲಿಲ್ಲ.

ಆಪರೇಶನ್ ಆಯಿತು. ಗೋಲಿಯಷ್ಟಿದ್ದ ಗಂಟು ಆ ಹೊತ್ತಿಗೆ ನಿಂಬೆಹಣ್ಣಿನಷ್ಟಾಗಿತ್ತು. ಮಾಮಾ ಔಷಧಿ ತರಲು ಹೋದಾಗ ಡಾಕ್ಟರು ಕೈ ತೊಳೆಯುತ್ತ ನನಗೊಬ್ಬಳಿಗೇ ಹೇಳಿದರು: ಇದು ಬೇಗ ಹರಡುವ ಜಾತಿಯದು, ಎದೆಯ ಕಡೆಗೂ ಹೋಗಿರುವ ಹಾಗಿದೆ, ಹದಿನೈದು ಇಪ್ಪತ್ತು ದಿನ ಮೊದಲು ತಂದಿದ್ದರೆ ಮಾತು ಬೇರೆಯಿತ್ತೋ ಏನೋ. ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಆಮೇಲಿನ ನಾಲ್ಕು ತಿಂಗಳು ನಾನು ಕಂಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು. ಬೆಳಿಗ್ಗೆ ಸಂಜೆ ಮಾಮಾ ತಮ್ಮ ಕೈಯಾರೆ ಹೊಲಿಗೆಯ ಗಾಯ ಒರೆಸಿ ಮುಲಾಮು ಹಚ್ಚುತ್ತಿದ್ದರು, ಮತ್ತು ಹೋದಲ್ಲಿ ಬಂದಲ್ಲಿ ಕಂಪನಿಯನ್ನು ಹೊಗಳುತ್ತಿದ್ದರು. ಕಟ್ಟೆಯ ಮೇಲೆ ಕೂತವರಿಗೆ, ಹಾಲು ಹಾಕುವವರಿಗೆ, ಸಂತೆಗೆ ಬಂದ ಅಪರಿಚಿತರಿಗೆ, ಎಲ್ಲರಿಗೂ ಅದೇ ಕತೆ. ಕಿರಾಣಿ ಅಂಗಡಿಯವರ ಬೆನ್ನುಬಿದ್ದು ಅವರ ಎಮ್ಮೆಗೂ ವಿಮೆ ಮಾಡಿಸಿದರು. ನಮ್ಮ ಅವ್ವಿ ಇಲ್ಲದಿದ್ದರೆ ಚಿಲ್ಲರಿ ಉಳಿಯುತ್ತಿರಲಿಲ್ಲ ಎಂದು ನನ್ನೆದುರೇ ನನ್ನನ್ನು ತೋರಿಸಿ ಹೇಳುವಾಗ ನಾನು ರೊಟ್ಟಿ ಎಣಿಸುವ ನೆವದಿಂದ ಪಡಸಾಲೆಗೆ ಓಡುತ್ತಿದ್ದೆ.

ಚಳಿ ಶುರುವಾದಾಗ ಚಿಲ್ಲರಿಗೆ ಉಸಿರು ಸಾಲದಾಯಿತು. ಓಣಿಯ ತುದಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಕೂತುಕೊಳ್ಳುತ್ತಿತ್ತು. ಆಮೇಲೆ ಓಣಿಯೂ ಬೇಡವೆಂದಿತು, ಒಲೆಯ ಬಿಸಿ ಸಾಕೆಂದಿತು. ಒಂದು ಬುಧವಾರ ಮಧ್ಯಾಹ್ನ, ಆರೂ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿರುವಾಗ, ಅತ್ತೆಯ ಮಣೆಯ ಪಕ್ಕದಲ್ಲಿ ಮಲಗಿದ್ದ ಹಾಗೇ ಹೋಯಿತು. ಮೊದಲು ಅತ್ತೆಯ ಕೈ ನಿಂತಿತು. ಒಬ್ಬೊಬ್ಬರದಾಗಿ ಎಲ್ಲರ ಕೈಯೂ ನಿಂತಿತು. ಪಡಸಾಲೆಯ ಸದ್ದು ಅಡಗಿದ್ದಕ್ಕೇ ಮಾಮಾ ಏನಾಯಿತೆಂದು ಒಳಗೆ ಬಂದರಂತೆ. ನಾನು ಶಾಲೆಯಿಂದ ಓಡಿಬಂದಾಗ ಅವರು ನೆಲದ ಮೇಲೆ ಕೂತು ಅದರ ಕಿವಿ ನೇವರಿಸುತ್ತಿದ್ದರು. ಸವದತ್ತಿ ರಸ್ತೆಯಲ್ಲಿ ಅವರ ಹಳೆಯ ಡ್ರೈವರ್ ಗೆಳೆಯರ ಹೊಲವಿದೆ, ಅದರ ಬದುವಿನಲ್ಲಿ ಮಣ್ಣು ಮಾಡಿ ಬಂದೆವು.

ಐದನೆಯ ದಿನ ಮಾಮಾ ನನ್ನನ್ನು ಕರೆಸಿದರು. ಗೋಡೆಯ ಮೇಲಿನ ಕಾಗದ ಕೆಳಗಿಳಿಸಿ ಚಾಪೆಯ ಮೇಲಿಟ್ಟಿದ್ದರು. ಕಂಪನಿಗೆ ಒಂದು ಪತ್ರ ಬರೆಯಬೇಕು, ನಾನು ಹೇಳುತ್ತೇನೆ, ನೀನು ಬರಿ ಎಂದರು. ಸತ್ತಿದ್ದಕ್ಕೆ ಪರಿಹಾರ ಕೇಳಬೇಕೆಂದು ಅಲ್ಲ. ಲೆಕ್ಕದಲ್ಲಿ ಆಕೆಯ ಹೆಸರು ಸುಮ್ಮನೆ ಇರಬಾರದು, ತೆಗೆಯಲು ಹೇಳಬೇಕು; ಮತ್ತು ಕಷ್ಟಕಾಲದಲ್ಲಿ ಕೈಹಿಡಿದದ್ದಕ್ಕೆ ಉಪಕಾರ ಸ್ಮರಿಸಬೇಕು.

“ಬರಿ. ಮಾನ್ಯರೇ, ನಮ್ಮ ಚಿಲ್ಲರಿಯು ತಮ್ಮ ಸಂಸ್ಥೆಯ ದಯೆಯಿಂದ ನಾಲ್ಕು ತಿಂಗಳು ಹೆಚ್ಚಿಗೆ ಬಾಳಿ...”

‘ದಯೆಯಿಂದ’ ಎಂಬಲ್ಲಿಗೆ ಪೆನ್ನು ನಿಂತುಬಿಟ್ಟಿತು. ಎಲ್ಲವನ್ನೂ ಹೇಳಿದೆ. ಮಾದ್ಲಿಯ ತುತ್ತು ಬಾಯಲ್ಲಿಟ್ಟುಕೊಂಡು ಹೂಂ ಅಂದದ್ದು, ತಾರೀಖು ತಿದ್ದಿದ ಕಾಗದ, ಖರ್ಚು ಮಾಡಿದ್ದು ಯಾರು, ಎಲ್ಲ. ಮುಗಿದ ಮೇಲೆ ಮಾಮಾ ಒಂದೇ ಒಂದು ಪ್ರಶ್ನೆ ಕೇಳಿದರು.

“ಆ ಇಪ್ಪತ್ತ ದಿನ?”

“ಒಪ್ಪಿಗಿ ಗಿಪ್ಪಿಗಿ ಏನೂ ಇರಲಿಲ್ರಿ ಮಾಮಾ. ನಾ ರೊಕ್ಕಾ ಕೂಡಸಾಕ ಹತ್ತಿದ್ನಿ.”

ಅವರು ತಮ್ಮ ಅಂಗಿಯ ಕಿಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಎದ್ದು ಹಿತ್ತಲಿಗೆ ಹೋದರು. ಅತ್ತೆ ನನ್ನನ್ನು ನೋಡಲಿಲ್ಲ. ಹಿಟ್ಟು ಹತ್ತಿದ ಕೈಯಿಂದಲೇ, ಈಗ ಹೋಗು ಎಂದು ಸನ್ನೆ ಮಾಡಿದರು.

ಹದಿನೆಂಟು ದಿನ ಮಾಮಾ ನನ್ನೊಡನೆ ಮಾತಾಡಲಿಲ್ಲ. ಸಂತೆಯಲ್ಲಿ ಎದುರಾದಾಗ ನನ್ನನ್ನು ಎಣಿಸಲೂ ಇಲ್ಲ, ದಾಟಿಕೊಂಡು ಹೋದರು. ನಾನು ಅವರ ಓಣಿಯ ದಾರಿ ಬಿಟ್ಟು ಶಾಲೆಗೆ ಸುತ್ತಿ ಹೋಗತೊಡಗಿದೆ. ಕ್ಷಮೆ ಕೇಳುವ ಮಾತುಗಳನ್ನು ಎಷ್ಟು ಸಲ ಹೊಂದಿಸಿಕೊಂಡರೂ ಪ್ರತಿ ಸಲ ಆ ಮಡಚಿದ ಪಾಸ್‌ಬುಕ್ಕು ಎದುರು ಬರುತ್ತಿತ್ತು. ತಪ್ಪು ಮಾಡಿದ್ದನ್ನಾದರೂ ಕ್ಷಮಿಸಬಹುದು. ಕೊಡಲು ಬಂದ ಕೈಯನ್ನು ಸುಳ್ಳು ಹೇಳಿ ಹಿಂದೆ ಕಳಿಸಿದ್ದನ್ನು?

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗಂಡ ಕಿತ್ತೂರಿಗೆ ಕೆಲಸಕ್ಕೆ ಹೋದ ಮೇಲೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾಮಾ. ನೇರ ಒಳಗೆ ಬಂದು, ಎಂದೂ ಕೂರದ ಒಳಗಿನ ಕುರ್ಚಿಯಲ್ಲಿ ಕೂತರು. ಚಹಾ ಮಾಡಿಕೊಟ್ಟೆ. ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ತಿರುಗುವ ಫ್ಯಾನನ್ನು ನೋಡುತ್ತ, ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೇ ಉಸಿರಿನಲ್ಲಿ ಶುರುಮಾಡಿದರು.

“ಯವ್ವಾ, ನಾನೂ ನಿನ್ನ ಮುಂದ ಒಂದು ಮಾತ ಮುಚ್ಚಿಟ್ಟೇನಿ. ಆ ಗಂಟು ನನಗ ಭಾಳ ಮೊದಲ ಸಿಕ್ಕಿತ್ತು. ನಿಮಗ ಹೇಳೂದಕ್ಕಿಂತ ಎರಡ ತಿಂಗಳ ಮೊದಲ. ಹೆದರಿಕಿ ಆತು, ಯಾರಿಗೂ ಹೇಳಲಿಲ್ಲ. ಅರಿಷಿಣ ಹಚ್ಚಿ ಸುಮ್ಮನಾದ್ನಿ. ತಡಾ ಮಾಡಿದಾಂವ ನಾನು. ನಿನ್ನವು ಇಪ್ಪತ್ತ ದಿನ ಏನ ಲೆಕ್ಕ? ಇಲ್ಲಿ ಇತ್ತು ನೋಡು, ಇಲ್ಲಿ...” ಎಂದು ಕಪ್ಪು ಕೆಳಗಿಟ್ಟು, ತಮ್ಮದೇ ಹೊಟ್ಟೆಯ ಎಡಗಡೆಗೆ ಬೆರಳಿಟ್ಟು ತೋರಿಸಿದರು.

ಗಂಟು ಇದ್ದದ್ದು ಬಲಗಡೆಗೆ.

ನಾಲ್ಕು ತಿಂಗಳು, ದಿನಕ್ಕೆರಡು ಸಲ, ಆ ಗಾಯವನ್ನು ಒರೆಸಿದ ಕೈ ಅದು. ಅವರಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ ಹದಿನೆಂಟು ದಿನ ಕೂತು ನನಗಾಗಿ ಒಂದು ಸುಳ್ಳನ್ನು ಹೊಸೆದು ತಂದಿದ್ದರು. ಹೇಳುವ ಅವಸರದಲ್ಲಿ ಮಗ್ಗುಲು ತಪ್ಪಿಹೋಗಿತ್ತು.

ನಾನು ತಿದ್ದಲಿಲ್ಲ.

“ಹೌದರಿ ಮಾಮಾ” ಎಂದೆ.

ಅವರು ತಲೆಯಾಡಿಸಿದರು. ಕಣ್ಣು ಒರೆಸಿಕೊಳ್ಳುವುದು ಬಿಟ್ಟು ಕನ್ನಡಕ ಒರೆಸಿಕೊಂಡರು. ಆಮೇಲೆ ಕಪ್ಪನ್ನು ನನ್ನ ಕಡೆ ಸರಿಸಿ, ಬಹಳ ಮೆಲ್ಲಗೆ ಹೇಳಿದರು:

“ಚಹಾ ಆರೇತಿ. ಇನ್ನೊಮ್ಮಿ ಕಾಸು. ನಿನಗೂ ಒಂದ ಕಪ್ಪ ಹಾಕೋ, ಕೂಡಿ ಕುಡಿಯೋಣು.”